ಪೈಪಿನ ಬೋರಲಿಂಗಯ್ಯನ ಆಡಿಟರ್ ಬಿಲ್ಲು

ಬೋರಲಿಂಗಯ್ಯ ನಡೆಯುವಾಗ ಅವರ ತಲೆ ಸದಾ ಎಡಕ್ಕೆ ಒಂದಿಷ್ಟು ವಾಲಿರುತ್ತಿತ್ತು. ಪರಿಚಯವಿಲ್ಲದವರು ಅದನ್ನು ಕತ್ತುನೋವೆಂದೋ, ಇನ್ನು ಕೆಲವರು ಗರ್ವವೆಂದೋ ಭಾವಿಸುತ್ತಿದ್ದರು. ನಿಜದಲ್ಲಿ ಅದು, ಮೂವತ್ತು ವರ್ಷ ಪರರ ಮನೆಗಳ ಗೋಡೆಗಳಿಗೆ ಕಿವಿಗೊಟ್ಟು ಒಳಗೆಲ್ಲಿ ನೀರು ಸೋರುತ್ತಿದೆಯೆಂದು ಆಲಿಸಿದ ಮನುಷ್ಯನ ದೇಹಕ್ಕೆ ಅಂಟಿಕೊಂಡುಬಿಟ್ಟ ಭಂಗಿ. ಎದುರಿಗಿದ್ದವರ ಮಾತನ್ನೂ ಅವರು ಹಾಗೆಯೇ ಕೇಳುತ್ತಿದ್ದರು: ಎಡಗಿವಿಯನ್ನು ಮುಂದೆ ಮಾಡಿ, ಕಣ್ಣನ್ನು ನೆಲಕ್ಕೆ ನೆಟ್ಟು, ಕೊನೆಗೆ "ಹಂಗಂತೀರಾ" ಎಂದು ಮುಗಿಸಿ. ಆ ಒಂದು ಪದದಲ್ಲಿ ಒಪ್ಪಿಗೆ, ಸಂಶಯ, ವಿಷಾದ ಮೂರನ್ನೂ ಅವರು ಸಂದರ್ಭಕ್ಕೆ ತಕ್ಕಂತೆ ತುಂಬಬಲ್ಲವರಾಗಿದ್ದರು.

ಬೈರಾಪಟ್ಟಣದ ಬೇಸಾಯದ ಮನೆತನ ಅವರದು. ಜಮೀನನ್ನು ಅಣ್ಣನಿಗೆ ಬಿಟ್ಟು ಇಪ್ಪತ್ತನೆಯ ವಯಸ್ಸಿನಲ್ಲಿ ಚನ್ನಪಟ್ಟಣಕ್ಕೆ ಬಂದು ಕೊಳಾಯಿ ಕೆಲಸ ಕಲಿತವರು. ನನಗೆ ಅವರ ಪರಿಚಯವಾದದ್ದು ನಾನು ಜೂನಿಯರ್ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತ, ಸಾಲ ಮಾಡಿ ಪುಟ್ಟದೊಂದು ಮನೆ ಕಟ್ಟಿಸಿದ ಮರುವರ್ಷ. ಬಚ್ಚಲಿನ ಗೋಡೆ ಒದ್ದೆಯಾಗುತ್ತಿತ್ತು. ಬಂದರು, ಆಲಿಸಿದರು, ಉಪಕರಣದ ಚೀಲವನ್ನು ಇನ್ನೂ ಬಿಚ್ಚದೆಯೇ "ಮುನ್ನೂರು ರೂಪಾಯಿ ಆಯ್ತದೆ ಮೇಷ್ಟ್ರೇ" ಎಂದರು. ಗೋಡೆ ಒಡೆದಾಗ ಪೈಪು ಒಂದು ಕಡೆಯಲ್ಲ, ಮೂರು ಕಡೆ ಕೊಳೆತಿತ್ತು. ಅರ್ಧ ದಿನದ ಕೆಲಸ ಎರಡೂವರೆ ದಿನಕ್ಕೆ ಹಬ್ಬಿತು. ನಾನು ಆರುನೂರು ಕೊಡಹೋದರೆ ಮುನ್ನೂರನ್ನು ಎಣಿಸಿಕೊಂಡು ಉಳಿದದ್ದನ್ನು ಕಿಟಕಿಯ ಮೇಲಿಟ್ಟು ಹೊರಟುಹೋದರು. ಮುಂದೆ ಅವರ ಹೆಂಡತಿ ಚಿಕ್ಕಲಕ್ಷ್ಮಮ್ಮನವರ ಬಳಿ ಇದನ್ನು ಹೇಳಿದಾಗ ಆಕೆ ಆಶ್ಚರ್ಯಪಡಲಿಲ್ಲ. "ಬಾಯಿಂದ ಒಂದ್ಸಲ ರೇಟು ಬಂದ್ಬುಟ್ರೆ ಮುಗೀತು ಈವಯ್ಯಂಗೆ. ಆಮೇಲೆ ಭೂಮಿ ಬಾಯ್ಬುಟ್ರೂ ಅಷ್ಟೇಯ" ಎಂದರು, ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ.

ಅವರ ಖಾಕಿ ಕೋಟಿನ ವಿಷಯವನ್ನೂ ಹೇಳಬೇಕು. ಯಾವುದೋ ಕಾಲದಲ್ಲಿ ಬಸ್ ಚಾಲಕನೊಬ್ಬನಿಂದ ಕೊಂಡದ್ದು. ವೈಶಾಖದ ಬಿಸಿಲಿನಲ್ಲೂ ಮೈಮೇಲಿರುತ್ತಿತ್ತು. ಎಡಜೇಬಿನಲ್ಲಿ ಸೆಣಬಿನ ಎಳೆ, ಬಲಜೇಬಿನಲ್ಲಿ ಮುರಿದ ಗರಗಸದ ಅಲಗು, ಒಳಜೇಬಿನಲ್ಲಿ ಎಲೆಅಡಿಕೆ. ಕೆಲಸದ ಹೊತ್ತಿನಲ್ಲಿ ಗುಂಡಿಗಳು ತೆರೆದೇ ಇರುತ್ತಿದ್ದವು. ಬ್ಯಾಂಕನ್ನೋ ಕಚೇರಿಯನ್ನೋ ಪ್ರವೇಶಿಸುವಾಗ ಮಾತ್ರ ಕುತ್ತಿಗೆಯವರೆಗೂ ಹಾಕಿಕೊಳ್ಳುತ್ತಿದ್ದರು.

ಎರಡು ಸಾವಿರದ ಆರನೆಯ ಇಸವಿಯ ಹೊತ್ತಿಗೆ ಬಿಡದಿಯ ಸುತ್ತಮುತ್ತ ರಾಗಿ ಹೊಲಗಳಿದ್ದಲ್ಲಿ ತಗಡಿನ ನೀಲಿ ಛಾವಣಿಗಳು ಎದ್ದಿದ್ದವು. ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಗೆ ಕ್ಯಾಂಟೀನು ಮತ್ತು ಶೌಚಾಲಯಗಳ ಪೈಪುಗಳನ್ನು ನೋಡಿಕೊಳ್ಳುವವರು ಬೇಕಾಗಿದ್ದರು. ಹಾರ್ಡ್‌ವೇರ್ ಅಂಗಡಿಯ ಸನಾವುಲ್ಲಾ, ಬೋರಲಿಂಗಯ್ಯನವರ ಬಹುಕಾಲದ ಗೆಳೆಯ, ಅವರ ಹೆಸರನ್ನು ಅಲ್ಲಿಗೆ ಮುಟ್ಟಿಸಿದರು. ಕೆಲಸ ಸಿಕ್ಕಿತು, ಆದರೆ ಕಾರ್ಖಾನೆಯ ಅಧಿಕಾರಿಗೆ ಬಾಯಿಮಾತು ಸಾಲದು. ಅಚ್ಚಾದ ಬಿಲ್ಲು, ಪ್ಯಾನ್ ಕಾರ್ಡು, ಸೇವಾ ತೆರಿಗೆಯ ನಂಬರು, ವರ್ಷಕ್ಕೊಮ್ಮೆ ಲೆಕ್ಕಪತ್ರ ಇವಿಷ್ಟೂ ಬೇಕು. ಏಳನೆಯ ತರಗತಿಯವರೆಗೆ ಓದಿದ್ದ ಬೋರಲಿಂಗಯ್ಯ ಆ ಪಟ್ಟಿಯನ್ನು ಹಿಡಿದು ನನ್ನಲ್ಲಿಗೆ ಬಂದರು. ನಾನು ಅವರನ್ನು ರಾಮನಗರಕ್ಕೆ, ನನ್ನ ಹಳೆಯ ವಿದ್ಯಾರ್ಥಿ ಅಶ್ವಥ್‌ನ ಕಚೇರಿಗೆ ಕರೆದೊಯ್ದೆ. ಅಶ್ವಥ್ ಆಡಿಟರ್ ಆಗಿ ಆಗ ಎರಡು ವರ್ಷವಾಗಿತ್ತು. ಪ್ಯಾನ್ ಕಾರ್ಡಿಗೆಂದು ಐನೂರು ರೂಪಾಯಿ ತೆಗೆದುಕೊಂಡ. "ಮಿಕ್ಕಿದ್ದೆಲ್ಲ ಬಿಡಿ ಸಾರ್, ನಾನು ನೋಡ್ಕೋತೀನಿ" ಎಂದ. ಆ ವಾಕ್ಯವನ್ನು ನಾನೂ ಬೋರಲಿಂಗಯ್ಯನವರೂ ಒಂದು ಬಗೆಯ ಅಭಯದಂತೆ ಸ್ವೀಕರಿಸಿ ಮರಳಿದೆವು.

ಒಂದು ವರ್ಷ ಎಲ್ಲವೂ ಸುಗಮವಾಗಿ ನಡೆಯಿತು. ಬೋರಲಿಂಗಯ್ಯನವರಿಗೆ ಇದ್ದ ಚಿಂತೆ ಬಲಭುಜದ್ದು. ಕಬ್ಬಿಣದ ಪೈಪಿನ ತುದಿಗೆ ಕೈಯಿಂದ ಮರೆ, ಅಂದರೆ ತಿರುಪಿನ ಗೆರೆ, ಕೊಯ್ದು ಕೊಯ್ದು ಅವರ ತೋಳಿನ ಕೀಲು ಸವೆದಿತ್ತು. ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲ. ಸನಾವುಲ್ಲಾ ಅವರ ಅಂಗಡಿಗೆ ಬೆಂಗಳೂರಿನಿಂದ ಒಂದು ಹಳೆಯ ವಿದ್ಯುತ್ ಯಂತ್ರ ಬಂದಿತ್ತು. ಪೈಪನ್ನು ಕಚ್ಚಿಸಿ ಗುಂಡಿ ಒತ್ತಿದರೆ ತಾನೇ ಮರೆ ಕೊಯ್ಯುವಂಥದ್ದು. ಬೆಲೆ ಹದಿನಾರು ಸಾವಿರ. ಬೋರಲಿಂಗಯ್ಯ ಹದಿನೈದು ಸಾವಿರ ಕೂಡಿಹಾಕಿದ್ದರು, ಉಳಿದದ್ದನ್ನು ಆಮೇಲೆ ಕೊಡುವ ಮಾತಾಗಿತ್ತು. ರಾಮನಗರ ಜಿಲ್ಲೆಯಾದ ವರ್ಷ, ದಸರೆ ಮುಗಿದ ವಾರ, ಅವರು ಯಂತ್ರವನ್ನು ತರಬೇಕೆಂದಿದ್ದಾಗಲೇ ಕೊರಿಯರಿನಲ್ಲಿ ಅಶ್ವಥ್‌ನ ಲಕೋಟೆ ಬಂದಿತು.

ಇಂಗ್ಲಿಷಿನಲ್ಲಿದ್ದ ಆ ಕಾಗದವನ್ನು ನಾನೇ ಓದಿ ಹೇಳಬೇಕಾಯಿತು. ನೋಂದಣಿಗೆ ಎರಡೂವರೆ ಸಾವಿರ. ಸೇವಾ ತೆರಿಗೆಯ ಎರಡು ರಿಟರ್ನುಗಳಿಗೆ ಎರಡೂವರೆ ಸಾವಿರ. ಆದಾಯ ತೆರಿಗೆಗೆ ಎರಡು ಸಾವಿರ. ವರ್ಷದ ಲೆಕ್ಕ ಬರೆದದ್ದಕ್ಕೆ ಮೂರು ಸಾವಿರದ ಆರುನೂರು. ಎಂಟು ಸಮಾಲೋಚನೆಗಳಿಗೆ, ತಲಾ ಐನೂರರಂತೆ, ನಾಲ್ಕು ಸಾವಿರ. ಒಟ್ಟು ಹದಿನಾಲ್ಕು ಸಾವಿರದ ಆರುನೂರು. ಹಣ ಸಂದ ಮೇಲೆ ಲೆಕ್ಕಪತ್ರಗಳನ್ನು ಕೊಡಲಾಗುವುದು ಎಂದು ಕೆಳಗೆ ಬರೆದಿತ್ತು. ಆ ಲೆಕ್ಕಪತ್ರಗಳಿಲ್ಲದೆ ಕಾರ್ಖಾನೆಯವರು ತಿಂಗಳ ಕೊನೆಗೆ ಕರಾರನ್ನು ಮುಂದುವರಿಸುವಂತಿರಲಿಲ್ಲ.

"ಸಮಾಲೋಚ್ನೆ ಅಂದ್ರೆ?" ಎಂದು ಬೋರಲಿಂಗಯ್ಯ ಕೇಳಿದರು.

"ನೀವು ಅವನ ಹತ್ತಿರ ಹೋಗಿ ಮಾತಾಡಿದ್ದು."

"ಮಾತಾಡಿದ್ಕಾ?" ಎಂದು ಕಾಗದದತ್ತ ಬಾಗಿ, "ತಾರೀಕು ಒಸಿ ಓದಿ ಮೇಷ್ಟ್ರೇ" ಎಂದರು.

ಒಂದೊಂದೇ ಓದಿದೆ. ಪ್ರತಿಯೊಂದಕ್ಕೂ ಅವರು ಹೋದ ಕಾರಣವನ್ನು ನೆನೆದು ಹೇಳುತ್ತಿದ್ದರು. ಒಂದು ಸಲ ಸಹಿ ಹಾಕಲು, ಒಂದು ಸಲ ರಸೀದಿ ಕೊಡಲು, ಒಂದು ಸಲ ಅಶ್ವಥ್ ಇಲ್ಲದೆ ಬಾಗಿಲಿನಿಂದಲೇ ಹಿಂದಿರುಗಿದ್ದು. ಜೂನ್ ಹನ್ನೊಂದು ಎಂದಾಗ ಅವರ ತಲೆ ನೆಟ್ಟಗಾಯಿತು. ಆ ದಿನ ಅಶ್ವಥ್ ತಾನೇ ಫೋನು ಮಾಡಿ ಕರೆಸಿದ್ದ. ಕಚೇರಿಯ ಮೇಲಿನ ಟ್ಯಾಂಕು ತುಂಬಿ ಹರಿದು ಗೋಡೆಗಿಳಿಯುತ್ತಿತ್ತು. ಬೋರಲಿಂಗಯ್ಯ ತಮ್ಮ ಕೈಯಿಂದಲೇ ನೂರ ಎಂಬತ್ತು ರೂಪಾಯಿ ಹಾಕಿ ಹೊಸ ವಾಲ್ವು ತಂದು, ಮಧ್ಯಾಹ್ನವೆಲ್ಲ ಮಾಳಿಗೆಯ ಮೇಲೆ ಕೂತು ಜೋಡಿಸಿ, ಹಣ ಬೇಡವೆಂದು ಬಂದಿದ್ದರು. ಕಚೇರಿಗೆ ಬಂದವರ ಹೆಸರನ್ನೆಲ್ಲ ಪುಸ್ತಕದಲ್ಲಿ ಬರೆದಿಡುವುದು ಅಲ್ಲಿಯ ಗುಮಾಸ್ತೆ ನಯನಾಳ ಕೆಲಸ. ಆ ಪುಸ್ತಕವನ್ನು ನೋಡಿಯೇ ಬಿಲ್ಲು ಸಿದ್ಧವಾಗಿತ್ತು.

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು. ಸನಾವುಲ್ಲಾ ಸುದ್ದಿ ಕೇಳಿ, "ಕೊಡಬ್ಯಾಡ ಕಣ್ಲಾ. ಬೇರೆ ಆಡಿಟರ್‌ನ ಹಿಡಿಯೋಣ. ಇವ್ನೇನು ಮಾಡ್ತಾನೆ?" ಎಂದರು. ಬೋರಲಿಂಗಯ್ಯ "ಹಂಗಂತೀಯಾ" ಎಂದು ಎಲೆಗೆ ಸುಣ್ಣ ಸವರಿದರು. ಮರುದಿನ ಹತ್ತು ಗಂಟೆಗೆ ನಾನೂ ಬೋರಲಿಂಗಯ್ಯನವರೂ ರಾಮನಗರದಲ್ಲಿದ್ದೆವು. ಮೆಟ್ಟಿಲು ಹತ್ತುವ ಮೊದಲು ಅವರು ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡರು.

ಅಶ್ವಥ್ ನನ್ನನ್ನು ಕಂಡು ಎದ್ದು ನಿಂತ, ಕಾಫಿ ತರಿಸಿದ. ದುಷ್ಟನಲ್ಲ; ಕಚೇರಿಯ ಬಾಡಿಗೆ, ಕಂಪ್ಯೂಟರಿನ ಕಂತು ಎಲ್ಲವನ್ನೂ ಈ ಬಿಲ್ಲುಗಳಿಂದಲೇ ತೂಗಿಸಬೇಕಾದ ಮೂವತ್ತರ ತರುಣ. ಪ್ರತಿ ಬಾಬತ್ತನ್ನೂ ವಿವರಿಸಿದ, ತನ್ನ ಹಿರಿಯರ ಕಚೇರಿಯಲ್ಲಿ ಕಲಿತ ಪದ್ಧತಿ ಇದೇ ಎಂದ.

"ಇಷ್ಟಾಯ್ತದೆ ಅಂತ ಮೊದ್ಲೇ ಯಾಕೆ ಯೋಳ್ನಿಲ್ಲ ಸಾರ್?" ಎಂದು ಬೋರಲಿಂಗಯ್ಯ ಕೇಳಿದರು. ದನಿಯಲ್ಲಿ ಆಕ್ಷೇಪಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು.

"ನೀವು ಕೇಳಲಿಲ್ಲವಲ್ಲ" ಎಂದ ಅಶ್ವಥ್. ಅದನ್ನು ಕೊಂಕಿಗಾಗಿ ಹೇಳಿದ್ದಲ್ಲ, ನಿಜವಾಗಿಯೂ ಅವನಿಗೆ ಅಷ್ಟೇ ತೋಚಿತ್ತು.

ಬೋರಲಿಂಗಯ್ಯ ತಲೆ ವಾಲಿಸಿ ಆ ಉತ್ತರವನ್ನು ಬಹಳ ಹೊತ್ತು ಕೇಳಿಸಿಕೊಂಡರು, ಅದು ಇನ್ನೂ ಮುಗಿದಿಲ್ಲವೆಂಬಂತೆ. ಜೂನ್ ಹನ್ನೊಂದರ ವಿಷಯವನ್ನು ಅವರು ಈಗ ಎತ್ತುತ್ತಾರೆಂದು ನಾನು ಕಾದೆ. ಎತ್ತಲಿಲ್ಲ. ನಾನೇ ಬಾಯಿ ತೆರೆದೆ. ಮೇಜಿನ ಕೆಳಗೆ ಅವರ ಒರಟು ಅಂಗೈ ನನ್ನ ಮೊಣಕಾಲನ್ನು ಗಟ್ಟಿಯಾಗಿ ಒತ್ತಿತು.

ಅವರು ಎರಡು ಗುಂಡಿ ಬಿಚ್ಚಿ, ಒಳಜೇಬಿನಿಂದ ಯಂತ್ರಕ್ಕೆಂದಿಟ್ಟಿದ್ದ ಹಣ ತೆಗೆದು, ಹದಿನಾಲ್ಕು ಸಾವಿರದ ಆರುನೂರನ್ನು ಮೇಜಿನ ಮೇಲಿಟ್ಟರು. "ಸ್ವಲ್ಪ ಕಡಿಮೆ ಮಾಡ್ಕೋಬಹುದು" ಎಂದು ಅಶ್ವಥ್ ನನ್ನ ಮುಖ ನೋಡುತ್ತ ಅಂದ. "ಬ್ಯಾಡಿ. ಕೆಲ್ಸ ಮಾಡಿದ್ದೀರಿ" ಎಂದರು ಬೋರಲಿಂಗಯ್ಯ. ಲೆಕ್ಕಪತ್ರಗಳು ಕೈಗೆ ಬಂದ ಮೇಲೂ ಏಳಲಿಲ್ಲ. "ಬರೋ ವರ್ಷಕ್ಕೆ ಎಷ್ಟಾಯ್ತದೆ ಅಂತ ಒಂದು ಕಾಗ್ದದಾಗೆ ಬರ್ದುಕೊಡಿ ಸಾರ್. ಈಗ ಕೇಳ್ತಾವ್ನಿ."

ಅಶ್ವಥ್ ಪೆನ್ನು ಹಿಡಿದು ಕುಳಿತ. ವರ್ಷವಿಡೀ ಕಕ್ಷಿದಾರರ ಆದಾಯ ವೆಚ್ಚಗಳನ್ನು ಲೆಕ್ಕ ಹಾಕುವವನಿಗೆ ತನ್ನ ಕೆಲಸದ ಬೆಲೆಯನ್ನು ಮುಂಗಡವಾಗಿ ಹೇಳುವುದು ಅಷ್ಟು ಕಷ್ಟವಾದೀತೆಂದು ನಾನು ಎಣಿಸಿರಲಿಲ್ಲ. ಎಂಟು ಸಾವಿರವೆಂದು ಬರೆದ, ಯೋಚಿಸಿ ಹೊಡೆದುಹಾಕಿದ, ಆರು ಸಾವಿರವೆಂದು ಬರೆದು ಸಹಿ ಹಾಕಿದ.

ಮರಳುವಾಗ ಬಸ್ಸು ಕೆಂಗಲ್ ದಾಟಿತು. ಆಮೇಲೆ ನಾನೇ ಕೇಳಿದೆ, ವಾಲ್ವಿನ ಸಂಗತಿಯನ್ನು ಯಾಕೆ ಹೇಳಲು ಬಿಡಲಿಲ್ಲವೆಂದು. ಕನಿಷ್ಠ ಆ ಒಂದು ಐನೂರಾದರೂ ಉಳಿಯುತ್ತಿತ್ತು.

"ಅವತ್ತು ಕಾಸು ಬ್ಯಾಡ ಅಂತ ಯೋಳಿ ಬಂದಿವ್ನಿ" ಎಂದರು. "ಇವತ್ತು ಹೋಗಿ ಅದ್ನ ಮುರ್ಕೋ ಅಂದ್ರೆ, ಅವತ್ತು ಬ್ಯಾಡ ಅಂದಿದ್ದು ಸುಳ್ಳಾಯ್ತದಲ್ಲಾ ಮೇಷ್ಟ್ರೇ."

ದಾರಿ ತೋರಿಸಿದವನು ನಾನಾದ್ದರಿಂದ ಅರ್ಧ ಹಣವನ್ನು ನಾನು ಕೊಡುತ್ತೇನೆಂದೆ. ಅವರು ನಕ್ಕು ಕಿಟಕಿಯಾಚೆ ಉಗುಳಿದರು. ಆ ಮಾತು ಅಲ್ಲಿಗೇ ನಿಂತಿತು.

ಕರಾರು ಮುಂದುವರಿಯಿತು. ಸನಾವುಲ್ಲಾ ಯಂತ್ರವನ್ನು ಒಂದು ತಿಂಗಳು ಯಾರಿಗೂ ತೋರಿಸದೆ ಗೋಣಿತಾಟು ಮುಚ್ಚಿಟ್ಟರು. ಆಮೇಲೆ ಅವರಿಗೂ ಹಣದ ತುರ್ತು ಬಂದು ಮಾಗಡಿಯ ಕಂಟ್ರಾಕ್ಟರನೊಬ್ಬನಿಗೆ ಮಾರಿಬಿಟ್ಟರು. ಬೋರಲಿಂಗಯ್ಯ ಇನ್ನೂ ಹದಿನಾಲ್ಕು ತಿಂಗಳು ಕೈಯಿಂದಲೇ ಮರೆ ಕೊಯ್ದರು. ಕೊನೆಗೆ ಬೇರೊಂದು ಯಂತ್ರ ಕೊಳ್ಳುವ ಹೊತ್ತಿಗೆ ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಎಡಗೈಯಿಂದ ಪೈಪು ಕಚ್ಚಿಸುವುದನ್ನು ಐವತ್ತೆರಡನೆಯ ವಯಸ್ಸಿನಲ್ಲಿ ಕಲಿತರು. ಚಿಕ್ಕಲಕ್ಷ್ಮಮ್ಮನವರು ಅವರ ತಲೆಗೆ ಎಣ್ಣೆ ಹಚ್ಚುತ್ತ ಬೈಯುವುದನ್ನು ನಾನೇ ಕೇಳಿದ್ದೇನೆ. "ಈ ಕೈನ ಯಾವ ಆಡಿಟ್ರು ಎತ್ತಿಕೊಡ್ತಾನೆ ಈಗ?" ಬೋರಲಿಂಗಯ್ಯ ಎಣ್ಣೆಗೆ ತಲೆಯನ್ನು ಇನ್ನಷ್ಟು ಬಗ್ಗಿಸಿದರು.

ಅಶ್ವಥ್‌ನ ಮರುವರ್ಷದ ಬಿಲ್ಲು ಆರು ಸಾವಿರಕ್ಕೇ ಬಂದಿತು, ಒಂದು ರೂಪಾಯಿ ಹೆಚ್ಚಿಲ್ಲ. ಈಗ ಎಲ್ಲರಿಗೂ ಹಾಗೆ ಬರೆದುಕೊಡುತ್ತೀಯಾ ಎಂದು ಒಮ್ಮೆ ಕೇಳಿದೆ. "ಇಲ್ಲ ಸಾರ್, ನಷ್ಟವಾಗುತ್ತೆ. ಅವರೊಬ್ಬರಿಗೆ ಮಾತ್ರ" ಎಂದ. ವಾಲ್ವು ಜೋಡಿಸಿಕೊಟ್ಟ ದಿನಕ್ಕೂ ಬಿಲ್ಲಿನಲ್ಲಿ ಐನೂರು ಸೇರಿತ್ತೆಂಬುದನ್ನು ನಾನು ಅವನಿಗೆ ಇಂದಿಗೂ ಹೇಳಿಲ್ಲ. ಹೇಳುವ ಹಕ್ಕು ನನ್ನದಲ್ಲ ಅನ್ನಿಸಿದೆ.

ಬೋರಲಿಂಗಯ್ಯನಂಥವರನ್ನು ನಾವು ಸರಳರು, ಲೋಕಜ್ಞಾನವಿಲ್ಲದವರು ಎಂದು ಕರೆದು ಅವರ ನಷ್ಟಕ್ಕೆ ಒಂದು ಸುಲಭದ ಕಾರಣವನ್ನು ಕೊಟ್ಟುಕೊಳ್ಳುತ್ತೇವೆ. ಅವರು ಸರಳರಲ್ಲ. ಯಾರು ಎಷ್ಟು ಹೆಚ್ಚು ತೆಗೆದುಕೊಂಡರು, ಯಾವ ದಿನ, ಯಾವ ನೆಪದಲ್ಲಿ ಎಂಬುದು ಅವರಿಗೆ ನಮಗಿಂತ ಸ್ಪಷ್ಟವಾಗಿ ತಿಳಿದಿರುತ್ತದೆ. ಹೊಸ ಕಾಲದ ಕಾಗದಗಳಿಗೆ ಅವರು ಬೆನ್ನು ತಿರುಗಿಸುವುದೂ ಇಲ್ಲ. ಅವುಗಳ ಶುಲ್ಕವನ್ನು ತೆತ್ತು, ಕೇಳಬೇಕಾದ ಪ್ರಶ್ನೆಯನ್ನು ಕಲಿತು, ಕೆಲಸಕ್ಕೆ ಹಿಂದಿರುಗುತ್ತಾರೆ. ಆದರೆ ತಾವು ಕೈಯಾರೆ ಕೊಟ್ಟದ್ದನ್ನು, ತಾವು ಕೊಡಬೇಕಾಗಿ ಬಂದುದರಲ್ಲಿ ವಜಾ ಮಾಡಿಕೊಳ್ಳಲು ಮಾತ್ರ ಒಪ್ಪುವುದಿಲ್ಲ. ಇದು ಬುದ್ಧಿವಂತಿಕೆಯೋ ಅಲ್ಲವೋ ನಾನರಿಯೆ. ಅದಕ್ಕೆ ಅವರು ತಮ್ಮ ಮೈಯಿಂದಲೇ ಬೆಲೆ ತೆರುತ್ತಾರೆ, ಅವರ ಹೆಂಡಂದಿರು ಅದನ್ನು ಸರಿಯಾಗಿಯೇ ಆಕ್ಷೇಪಿಸುತ್ತಾರೆ, ಮತ್ತು ಅವರಿಂದ ಉಪಕಾರ ಪಡೆದವರಿಗೆ ಅದು ಗೊತ್ತೇ ಆಗುವುದಿಲ್ಲ.