ಸೋಸಿದ ಕಬ್ಬಿನ ಹಾಲು

ಸಿಟ್ಟು ಬಂದರೆ ನಾನು ಯಾರ ಮುಖವನ್ನೂ ನೋಡುವವಳಲ್ಲ. ಮೂರು ತಿಂಗಳಿಂದ ಆ ಸಿಟ್ಟೆಲ್ಲ ಪ್ರೇರಣಾಳ ಪಾಲಿಗೆ. ಗಡಹಿಂಗ್ಲಜದ ಕಾಲೇಜಿನಲ್ಲಿ ನನ್ನ ಹತ್ತಿರ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವ ಹುಡುಗಿ; ನನ್ನದೇ ಒಂದು ಲೆಕ್ಕವನ್ನು ಮತ್ತೆ ಮಾಡಿ ನೋಡುವುದು ಅವಳ ಕೆಲಸ.

"ಮ್ಯಾಡಮ್, ನಂದು ನಿಮ್ಮ ಲೆಕ್ಕಕ್ಕ ಕೂಡವಲ್ದರಿ," ಎಂದು ವಾರವಾರವೂ ಬಂದು ನಿಲ್ಲುತ್ತಿದ್ದಳು.

"ನಿನ್ನ ಪ್ರೋಗ್ರಾಮ ತಪ್ಪೈತಿ. ಕೂಡೋತನಕಾ ನನಗ ಮುಖಾ ತೋರಿಸಬ್ಯಾಡ!"

ಬೈಯದೆ ಏನು ಮಾಡಲಿ? ಹದಿಮೂರು ವರ್ಷ ಕಬನೂರಿನಿಂದ ಎರಡು ಬಸ್ಸು ಬದಲಿಸಿ ಹೋಗಿ, ಅಲ್ಲಿ ತಾಸಿನ ಲೆಕ್ಕದ ಮೇಲೆ ಗಣಿತ ಕಲಿಸಿದ್ದೇನೆ. ಈಗ ಕೊಲ್ಹಾಪುರದಲ್ಲಿ ಒಂದು ಕಾಯಂ ಜಾಗ ಕರೆದಿದ್ದರು. ನನಗೆ ನಲವತ್ತನಾಲ್ಕು. ಇದು ತಪ್ಪಿದರೆ ಇನ್ನೊಂದು ಕರೆಯುವುದಿಲ್ಲ. ಕೈಯಲ್ಲಿದ್ದದ್ದು ಒಂದೇ ಪ್ರಬಂಧ: ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಹೇಗೆ ಸುತ್ತುತ್ತದೆ, ಎಲ್ಲಿ ಮೊದಲು ಕಾಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದು. ಹಾಲು ಎಷ್ಟು ಮಂದ ಎಂಬ ಒಂದು ಅಂಕಿಯ ಮೇಲೆ ಅದೆಲ್ಲ ನಿಂತಿತ್ತು. ಆ ಅಂಕಿಗೆ ಬೇಕಾದ ಹಾಲು ಸೋದರಮಾವ ಅಭಯಕುಮಾರರ ಗಾಣದ್ದು. ಪ್ರೇರಣಾ ತಂದದ್ದೂ ಅಲ್ಲಿನದೇ.

ಸಂದರ್ಶನದ ಹಿಂದಿನ ದಿನ, ಆ ಹುಡುಗಿಯ ಬಾಯಿ ಮುಚ್ಚಿಸಲೆಂದೇ ನಾನು ಗಾಣಕ್ಕೆ ಹೋದೆ. ಬೆಲ್ಲ ಇಳಿಸುವ ಮಾಯಪ್ಪ ಬೆಂಡೆ ಗಿಡ ಜಜ್ಜಿ ಅದರ ಲೋಳೆಯನ್ನು ಕೊಪ್ಪರಿಗೆಗೆ ಸುರಿಯುತ್ತಿದ್ದ. ಅದು ಹೊಲಸನ್ನೆಲ್ಲ ಮೇಲೆ ತರುತ್ತದೆ. ಇದೇನು ನನಗೆ ಹೊಸದಲ್ಲ.

"ಮಾಯಪ್ಪಾ, ಅವತ್ತ ನನಗ ಕೊಟ್ಟ ಹಾಲೂ ಇದ ಅಲ್ಲ?"

"ಛೇ ಛೇ! ನಿಮಗ ಈ ಲೋಳಿ ಹಾಕಿದ್ದು ಹೆಂಗ ಕೊಡೂದ್ರಿ ಅಕ್ಕಾರ? ಅಕ್ಕನ ಮಗಳು, ಓದಾಕ ಒಯ್ಯಾಕತ್ತಾಳ, ಸ್ವಚ್ಛಂದು ಕೊಡು ಅಂದ್ರು ಮಾಲಕರು. ಬ್ಯಾರೆ ಪಾತೇಲ್ಯಾಗ ಕಾಸಿ, ಹೊಸಾ ಅರಿವ್ಯಾಗ ಸೋಸಿ ಕೊಟ್ಟಿದ್ನಿರಿ. ಆಮ್ಯಾಲ ಬಂದ ನಿಮ್ಮ ಹುಡುಗಿ ಭಾಳ ಹಟಮಾರಿ. ಹೊಗ್ಯಾಗ ನಿಂತು ತಾನ ಕೊಪ್ಪರಗಿಯಿಂದ ತುಂಬ್ಕೊಂಡ್ಲು."

ನಾನು ಅಂದು ಎಲ್ಲಿದ್ದೆ? ಒಳಗೆ, ಹೊರಸಿನ ಮೇಲೆ. ಮಾಮಿ ಅವಲಕ್ಕಿ ಬಡಿಸಿದ್ದರು. ಅಕ್ಕನ ಮಗಳು ಹೊಗೆಯಲ್ಲಿ ನಿಲ್ಲುವುದುಂಟೇ ಎಂದು ಮಾವ ಅಂದಿದ್ದರು, ನಾನೂ ಕುಳಿತಿದ್ದೆ. ಅಯ್ಯೋ ನನ್ನ ಕರ್ಮವೇ! ಲೋಳೆ ಬಿದ್ದ ಹಾಲು ಎಷ್ಟೋ ಮಂದ, ಅದು ಸುತ್ತುವ ರೀತಿಯೇ ಬೇರೆ. ನಾನು ಲೆಕ್ಕ ಹಾಕಿದ್ದು ಯಾರೂ ಬೆಲ್ಲ ಮಾಡದ ಹಾಲಿನದು. ಹುಡುಗಿಯದೇ ಸರಿ.

ಮರುದಿನ ಕೊಲ್ಹಾಪುರದಲ್ಲಿ ಐವರ ಎದುರು ಕುಳಿತಾಗ, ಎಲ್ಲವನ್ನೂ ಹೇಳಿಬಿಡಬೇಕು ಎಂದೇ ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬರು ಮರಾಠಿಯಲ್ಲಿ ಕೇಳಿದರು, ಈ ಫಲಿತಾಂಶವನ್ನು ಬೇರೆ ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು.

"ಹೌದು," ಎಂದೆ. "ನನ್ನ ವಿದ್ಯಾರ್ಥಿನಿ. ಅವಳದೂ ಕೂಡಿದೆ."

ಎಲ್ಲರೂ ತಲೆಯಾಡಿಸಿದರು. ಮುಂದಿನ ತಿಂಗಳು ಹಾಜರಾಗಲು ತಯಾರಿರಿ ಎಂದು ಅಧ್ಯಕ್ಷರು ನಕ್ಕರು. ಹೊರಗೆ ಬಂದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಆದರೂ ಬಸ್ ಸ್ಟ್ಯಾಂಡಿನಲ್ಲಿ ಪ್ರೇರಣಾಳಿಗೆ ಫೋನ್ ಮಾಡಿದೆ. ನಿಂದೇ ಖರೆ, ತಪ್ಪು ನಂದು ಎಂದು ಅವಳಿಗೊಬ್ಬಳಿಗಾದರೂ ಹೇಳಬೇಕಿತ್ತು.

ಅವಳು ನನ್ನನ್ನು ಮಾತಾಡಲು ಬಿಡಲಿಲ್ಲ. "ಮ್ಯಾಡಮ್, ಕೂಡ್ತರಿ! ನೀವ ಖರೇರಿ, ನಂದ ತಪ್ಪಿತ್ತು. ಹಾಲಿನ ಅಂಕಿ ನಿಮ್ಮದ ಹಾಕಿದೆ ನೋಡ್ರಿ, ಎಲ್ಲಾ ಬರೋಬ್ಬರಿ ಬಂತು."

"ನೀ ಅಳದದ್ದು?"

"ಅಳಿಸಿಬಿಟ್ಟೇನ್ರಿ. ಫ್ರಿಜ್ಜಿನಾಗ ಉಳದ ಹಾಲೂ ಚೆಲ್ಲೇನಿ. ಇನ್ನ ಸಿಟ್ಟ ಇಲ್ಲಲ್ರಿ?"

ಕಬನೂರಿನ ಬಸ್ಸು ಬಂದು ನಿಂತಿತ್ತು, ಜನ ತಳ್ಳಾಡುತ್ತಿದ್ದರು. ಈಗಲೂ ಹೇಳಬಹುದಿತ್ತು.

"ಶಾಣ್ಯಾಕಿ ಅದಿ," ಎಂದೆ.

ಆ ಕಡೆ ಅವಳು ಸಂತೋಷದಿಂದ ಅಳತೊಡಗಿದಳು. ಮೂರು ತಿಂಗಳಲ್ಲಿ ನಾನು ಅವಳನ್ನು ಹೊಗಳಿದ್ದು ಅದೇ ಮೊದಲು.