ಇಲ್ಲಿ ಚಿಲಕ ಬೇಕು

ಮನೆಯೊಡೆಯ ಬೀಗ ಬದಲಿಸಿದ ಮೇಲೆ ನಾನೂ ಚಿಕ್ಕಮ್ಮನೂ ಮನೆಯಿಲ್ಲದವರ ವಸತಿಗೃಹಕ್ಕೆ ಬಂದೆವು. ಊಟ, ಹಾಸಿಗೆ, ಬಿಸಿನೀರು ಎಲ್ಲ ಇತ್ತು. ಹೆಂಗಸರ ಬಚ್ಚಲಿನ ಬಾಗಿಲಿಗೆ ಚಿಲಕ ಮಾತ್ರ ಇರಲಿಲ್ಲ. ಅದಕ್ಕೇ ಅಲ್ಲೊಂದು ಪದ್ಧತಿ: ಸ್ನಾನಕ್ಕೆ ಹೋದವರು ಮುಗಿಯುವ ತನಕ ಹಾಡುತ್ತಿರಬೇಕು. ಹಾಡು ನಿಂತರೆ ಬಚ್ಚಲು ಖಾಲಿ.

ನನಗೋ ನಾಲ್ಕು ಜನರೆದುರು ಕೆಮ್ಮುವುದಕ್ಕೂ ನಾಚಿಕೆ. ನನ್ನ ಪರವಾಗಿ ಚಿಕ್ಕಮ್ಮ ಹೊರಗೆ ನಿಂತು ಹಾಡುತ್ತಿದ್ದಳು. ಅವಳು ಹಾಡುವಷ್ಟು ಹೊತ್ತು ಬಚ್ಚಲಿರಲಿ, ಆ ಮಹಡಿಗೇ ಯಾರೂ ಬರುತ್ತಿರಲಿಲ್ಲ. ಆದರೆ ಅವಳಿಗೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ಅಲ್ಲಿಂದ ನನಗೆ ವಾರಕ್ಕೊಂದೇ ಸ್ನಾನ, ಅವಳ ರಜೆಯ ದಿನ. ಪಕ್ಕದ ಹಾಸಿಗೆಯವಳು ದಿಂಬನ್ನು ಆ ತುದಿಗೆ ಹಾಕಿಕೊಂಡು ಮಲಗತೊಡಗಿದಳು.

ಆಗ ಬಂದಳು ಸಂಶೋಧಕಿ. ಐದು ದೇಶಗಳ ಇಂಥ ವಸತಿಗೃಹಗಳ ಬಗ್ಗೆ ಅಧ್ಯಯನವಂತೆ. ಪ್ರಶ್ನೆ ಕೇಳುವ ಬದಲು ನಮ್ಮ ಕೈಗೇ ಕ್ಯಾಮೆರಾ ಕೊಟ್ಟಳು.

"ಇಲ್ಲಿ ನಿಮಗೆ ಏನು ಮುಖ್ಯವೋ ಅದನ್ನ ತೆಗೀರಿ. ಅರ್ಥಾನೂ ನೀವೇ ಹೇಳ್ಬೇಕು. ನಿಮ್ಮ ಮಾತಲ್ಲಿ ಒಂದಕ್ಷರಾನೂ ಯಾರೂ ಬದಲಾಯಿಸೋ ಹಾಗಿಲ್ಲ. ಮತ್ತೆ, ಒಪ್ಪಿಗೆ ಇಲ್ದೆ ಯಾರ ಮುಖಾನೂ ತೆಗೀಬೇಡಿ."

ಒಪ್ಪಿಗೆ ಕೇಳುವ ತಲೆನೋವೇ ಬೇಡವೆಂದು ಚಿಕ್ಕಮ್ಮ ಎಲ್ಲರನ್ನೂ ಹಿಂದಿನಿಂದಲೇ ತೆಗೆದಳು. ನಾನು ತೆಗೆದದ್ದು ಒಂದೇ, ಬಚ್ಚಲಿನ ಬಾಗಿಲು. ಒಳಗೆ ಕತ್ತಲೆ, ಹಿಂದೆ ಸರಿಯಲು ಜಾಗವಿಲ್ಲ. ಹೊರಗಿನಿಂದ ತೆಗೆದೆ.

ಫೋಟೊಗಳನ್ನು ಮೇಜಿನ ಮೇಲೆ ಹರಡಿದ ದಿನ ದೊಡ್ಡ ರಂಪ.

"ಇದು ನಾನಲ್ಲವೇ ಅಲ್ಲ," ಎಂದಳು ವಸತಿಗೃಹದ ಅಡುಗೆಯವಳು. "ಇಷ್ಟಗಲ ಇದೀನಾ ನಾನು?"

"ಏಪ್ರನ್ ಗಂಟು ನೋಡ್ಕೊ ತಾಯಿ," ಎಂದಳು ಚಿಕ್ಕಮ್ಮ. "ಇನ್ನೂ ಅರ್ಧ ಫೋಟೊದಿಂದಾಚೆ ಉಳಿದಿದೆ."

ನನ್ನ ಸರದಿ ಬಂತು. ಫೋಟೊವನ್ನು ಚಿಕ್ಕಮ್ಮನ ಕಡೆ ಸರಿಸಿದೆ. ವಸತಿಗೃಹದ ಮೇಲ್ವಿಚಾರಕರು ನೆರವಿಗೆ ಬಂದರು. "ಮುಚ್ಚಿದ ಬಾಗಿಲು. ಅಂದ್ರೆ ಭದ್ರತೆ. ಹೆಣ್ಮಕ್ಕಳಿಗೆ ನಾವು ಕೊಡ್ತಿರೋ ರಕ್ಷಣೆ. ಅಲ್ವೇನಮ್ಮಾ?"

"ಅವಳ ಫೋಟೊ ಸರ್, ಅವಳೇ ಹೇಳ್ಲಿ," ಎಂದಳು ಸಂಶೋಧಕಿ.

ಈಗ ಸುಮ್ಮನಿದ್ದರೆ ವಾರಕ್ಕೊಂದು ಸ್ನಾನವೇ ಖಾಯಂ. ಫೋಟೊದಲ್ಲಿ ಬಾಗಿಲಿನ ಅಂಚಿಗೆ ಬೆರಳಿಟ್ಟು, "ಇಲ್ಲಿ ಚಿಲಕ ಬೇಕು" ಅಂದೆ.

ಬೆರಳಿದ್ದ ಜಾಗಕ್ಕೆ ಸಂಶೋಧಕಿ ಗುರುತು ಹಾಕಿ, ಮಾತನ್ನು ಕೆಳಗೆ ಬರೆದಳು. ಮೇಲ್ವಿಚಾರಕರ ಮುಖ ಕೆಂಪಾಯಿತು. ಮರುದಿನವೇ ಬಡಗಿಯ ಕೈಗೆ ಫೋಟೊ ಕೊಟ್ಟು, "ಇದರಲ್ಲಿರೋ ಹಾಗೇ ಮಾಡು. ಒಂದು ಕೂದಲೆಳೆ ಆಚೀಚೆ ಆಗಬಾರ್ದು. ಐದು ದೇಶ ನೋಡುತ್ತೆ," ಎಂದರು.

ಬಡಗಿಯೋ, ಹೇಳಿದ ಮಾತು ಮೀರುವವನಲ್ಲ. ಗುರುತಿದ್ದಲ್ಲೇ ಜಡಿದ. ಹೊರಗಡೆ.

"ಒಳಗಾದ್ರೇನು, ಹೊರಗಾದ್ರೇನು?" ಎಂದಳು ಚಿಕ್ಕಮ್ಮ. "ನೀನು ಹೋಗೇ, ನಾನು ಹಾಕ್ತೀನಿ. ಯಾರು ಬರ್ತಾರೋ ನೋಡೇಬಿಡೋಣ." ನನ್ನನ್ನು ಒಳಗೆ ತಳ್ಳಿ, ಚಿಲಕ ಹಾಕಿ, ಇನ್ನು ಹಾಡುವ ಕೆಲಸವಿಲ್ಲವೆಂದು ಚಹಾ ಕುಡಿಯಲು ಹೋದಳು.

ತಲೆತುಂಬ ಸೋಪು ಹಚ್ಚಿಕೊಂಡಿದ್ದೆ. ಹಾಡಿಲ್ಲ, ಚಿಲಕ ಬೇರೆ ಹೊರಗಿನಿಂದ ಹಾಕಿದೆ. ಒಳಗೆ ಯಾರಿರಲು ಸಾಧ್ಯ? ಅಡುಗೆಯವಳು ಚಿಲಕ ಸರಿಸಿ ಬಕೆಟ್ ಸಮೇತ ನುಗ್ಗಿದಳು.

ನಾನು ಕಿರುಚಿದೆ. ಅವಳು ನನಗಿಂತ ಜೋರಾಗಿ ಕಿರುಚಿ ಓಡಿದಳು. ಇಡೀ ವಸತಿಗೃಹ ಬಂದು ಸೇರಿತು. ನಾನು ಒಳಗಿನಿಂದ ಬಾಗಿಲಿಗೆ ಬೆನ್ನು ಒತ್ತಿ ನಿಂತೆ.

"ಫೋಟೊದಲ್ಲಿ ಹೀಗೇ ಇತ್ತಲ್ಲ ಸಾರ್," ಬಡಗಿಯ ಗೊಣಗಾಟ.

"ಅವಳ ಮಾತು ಬದಲಾಯಿಸೋಕೆ ನಾವ್ಯಾರಯ್ಯಾ?" ಮೇಲ್ವಿಚಾರಕರು.

"ಅವಳನ್ನೇ ಕೇಳೋಣ," ಸಂಶೋಧಕಿ. "ಹೇಳಮ್ಮ, ಚಿಲಕ ಅಂದ್ರೆ ನಿನ್ನ ಪಾಲಿಗೆ..."

"ಒಳಗೆ!" ಕೂಗಿದೆ. "ಒಳಗಿರೋಳು ನಾನು! ಚಿಲಕ ಒಳಗೆ ಹಾಕ್ರೋ!"

"ಇದು ನಮ್ಮ ಹುಡುಗೀನಾ?" ಎಂದು ಚಿಕ್ಕಮ್ಮ ಯಾರನ್ನೋ ಕೇಳಿದ್ದು ಕೇಳಿಸಿತು.

ಸೋಪು ತಲೆಯಲ್ಲೇ, ಅವಳು ತಂದ ಕಂಬಳಿ ಹೊದ್ದು, ಬಡಗಿ ಕೊನೆಯ ಸ್ಕ್ರೂ ತಿರುಗಿಸುವವರೆಗೂ ಅಲ್ಲೇ ಕಾವಲು ಕೂತೆ. ಆಮೇಲೆ ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಎಳೆದು ನೋಡಿದೆ. ಗಟ್ಟಿಯಾಗಿತ್ತು.

ಬಾಗಿಲಾಚೆಯಿಂದ ಸಂಶೋಧಕಿಯ ದನಿ. "ಈಗ ಹೇಗನ್ನಿಸ್ತಿದೆ? ನಿನ್ನದೇ ಮಾತಲ್ಲಿ ಹೇಳ್ತೀಯಾ?"

ನಾನು ಇನ್ನೊಂದು ಚೊಂಬು ನೀರು ಸುರಿದುಕೊಂಡೆ.