ಹುಡುಗಿ ಬಿಟ್ಟ ಸಾಲು

ಶನಿವಾರ ಸಂಜೆ ಟಿವಿಯಲ್ಲಿ ಹಾಡಿನ ಸ್ಪರ್ಧೆ ಶುರುವಾದರೆ ಹೊಸಹಳ್ಳಿಯ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ಅಪ್ಪ ಮತ್ತು ಅವನ ಗೆಳೆಯ ದುರುಗಪ್ಪ ಕಾಕಾ ಎದುರಿಗೇ ಕೂತು ಹಾಡಿದವರನ್ನೆಲ್ಲ ಬೈಯುತ್ತಿದ್ದರು. "ಈಕಿಗೆ ದಮ್ಮೇ ಇಲ್ಲ." "ಇಂವ ತಾಳ ನುಂಗ್ಯಾನ." ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಬೈಯುವ ಹಕ್ಕೇನೋ ಅವರಿಗಿತ್ತು. ಊರಿನ ಭಜನೆಯಲ್ಲಿ ಅಪ್ಪ ಹೇಳಿದ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳುತ್ತಿದ್ದವನು ಕಾಕಾ. ಅಪ್ಪನಿಗೆ ಉಸಿರು ಸಾಲದಿದ್ದರೆ ನಡುವೆಯೇ ಎತ್ತಿಕೊಂಡುಬಿಡುತ್ತಿದ್ದ. ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಹೋದ ತಿಂಗಳು ಕಾಕಾ ತೀರಿಕೊಂಡ. ಹೆಣದ ಮುಂದೆ ಭಜನೆಗೆ ಕೂತ ಅಪ್ಪ ಮೊದಲ ಸಾಲು ಹೇಳಿ, ರೂಢಿಯಂತೆ ನಿಲ್ಲಿಸಿದ. ಯಾರೂ ಎತ್ತಿಕೊಳ್ಳಲಿಲ್ಲ. ಅಪ್ಪ ಕಾಕಾನಿಗಾಗಿ ಕಾಯುತ್ತಿದ್ದ. ತಾಳ ಹಾಕುವವರ ಕೈಯೂ ನಿಂತುಹೋಯಿತು. ಅಂದಿನಿಂದ ಅಪ್ಪ ಹಾಡಿರಲಿಲ್ಲ.

ಈ ಶನಿವಾರ ನಾನೇ ಟಿವಿ ಹಾಕಿದೆ. ಹಡಗಲಿ ಕಡೆಯ ಹುಡುಗಿಯೊಬ್ಬಳು ತತ್ವಪದ ಹಾಡುತ್ತ, ಎತ್ತರದ ಸಾಲಿನಲ್ಲಿ ಉಸಿರು ಸಾಲದೆ ನಿಂತಳು. ತೀರ್ಪುಗಾರರು ಬೇಸರದಿಂದ ತಲೆಯಾಡಿಸಿದರು.

"ಬೈಯಪ್ಪಾ, ಸುಮ್ನ ಯಾಕ ಕುಂತಿ?" ಎಂದೆ. ಮನೆಯ ಮೌನ ನನಗೆ ಸಾಕಾಗಿತ್ತು.

"ಆಕಿ ತಪ್ಪೇನೈತಿ?" ಎಂದ ಅಪ್ಪ. "ಉಸಿರು ಎಲ್ಲಾರಿಗೂ ಸಾಲಂಗಿಲ್ಲ. ಹಿಂದ ಒಬ್ರು ಇರಬೇಕಿತ್ತು."

ಅಷ್ಟು ಹೇಳಿ, ಯಾರ ಹಿಂದೆಯೂ ಎಂದೂ ಹಾಡದ ನನ್ನಪ್ಪ, ಆ ಹುಡುಗಿ ಬಿಟ್ಟ ಸಾಲನ್ನು ಮೆಲ್ಲಗೆ ಎತ್ತಿಕೊಂಡ.